ಹೊಂಗೆ ಮರದ ಬದು

ದೊಡ್ಡ ಕ್ಯಾಮೆರಾ ಹಿಡಿದು ಹೋದರೆ ನಮ್ಮ ಕಡೆ ಯಾರಿಗೂ ಅನುಮಾನ ಬರುವುದಿಲ್ಲ. ಮದುವೆ ಫೋಟೋದವನು ಅಂದುಕೊಂಡು ಹೆಗಲ ಟವೆಲ್ಲು ಸರಿಮಾಡಿಕೊಂಡು ನಿಲ್ಲುತ್ತಾರೆ. ನಾನು ಕೊಂಡದ್ದು ಅಂಗೈಗಿಂತ ತುಸು ದೊಡ್ಡದಾದ ಮಿರರ್‌ಲೆಸ್ ಕ್ಯಾಮೆರಾ. ಯಾರ ಕಣ್ಣಿಗೂ ಬೀಳದೆ ದಿನಾ ಗದ್ದೆ, ಬೆಟ್ಟ ತೆಗೆಯಬಹುದು ಅಂತ ಆಸೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಜೇಬಿನಿಂದ ಕ್ಯಾಮೆರಾ ತೆಗೆಯುವವನು ಜನರ ಕಣ್ಣಿಗೆ ಕಳ್ಳನಲ್ಲದೆ ಇನ್ನೇನು?

ಅರಕೆರೆ ಹತ್ತಿರ ನಾಲೆ ಪಕ್ಕ ಒಂದು ಬದು, ಅದರ ತುದಿಗೊಂದು ಹೊಂಗೆ ಮರ. ಆ ಬದು ಅಲ್ಲಿನ ಇಬ್ಬರು ಅಣ್ಣತಮ್ಮಂದಿರ ಗದ್ದೆಗಳ ನಡುವಿನದು: ಆಚೆ ಅಣ್ಣನ ಗದ್ದೆ, ಈಚೆ ತಮ್ಮನದು. ಆ ಮರಕ್ಕಾಗಿ ನಾನು ಬೆಳಗ್ಗೆ ಬೆಳಗ್ಗೆ ಅಲ್ಲಿಗೆ ಹೋಗುತ್ತಿದ್ದೆ. ಮೊದಲ ದಿನವೇ ತಮ್ಮ ತಡೆದ.

"ರಸ್ತೆ ಸರ್ವೆಯೋರಾ?"

"ಇಲ್ಲಪ್ಪ, ಮರದ ಫೋಟೋ ತೆಗೆಯೋಕೆ ಬಂದೆ."

"ಮರದ್ ಫೋಟೋ ತಗಂಡು ಏನ್ ಮಾಡೀರಿ?"

ಆಚೆಯಿಂದ ಅಣ್ಣ ಕೂಗಿದ: "ಬುಡ್ಲಾ, ಪಾಪ, ಮರ ನೋಡಕ್ಕೆ ಬಂದವ್ರೆ." ಅಂದಿನಿಂದ ಅಣ್ಣ ಕಂಡಾಗಲೆಲ್ಲ ಮಾತಾಡಿಸುತ್ತಿದ್ದ. ತಮ್ಮ ಮಾತ್ರ ದೂರದಿಂದ ನನ್ನ ಕೈಯನ್ನೇ ನೋಡುತ್ತಿದ್ದ. ಇವನೇ ಏನೋ ಮುಚ್ಚಿಡುತ್ತಿದ್ದಾನೆ ಎಂದು ನನಗೂ ಗುಮಾನಿ ಶುರುವಾಯಿತು.

ಸುಗ್ಗಿ ಕಳೆದು ಉಳುಮೆಯೂ ಮುಗಿದ ಮೇಲೆ, ಕೊನೆಗೊಂದು ದಿನ ರೇಗಿ, "ತಗೋ, ನೀನೇ ನೋಡು" ಎಂದು ಕ್ಯಾಮೆರಾವನ್ನು ಅವನ ಕೈಗೇ ಕೊಟ್ಟೆ. ಅವನು ಮರ ನೋಡಲಿಲ್ಲ, ದೂರದ ಕರಿಘಟ್ಟ ಬೆಟ್ಟವನ್ನೂ ನೋಡಲಿಲ್ಲ. ಎರಡೇ ಫೋಟೋಗಳನ್ನು ಹಿಂದೆ ಮುಂದೆ ಒತ್ತಿ ಒತ್ತಿ ನೋಡಿದ.

"ಸುಗ್ಗೀಲಿ ಬದು ಇಷ್ಟಗಲ ಇತ್ತು. ಈಗ ನೋಡಿ. ಉಳೋವಾಗ ಕೆತ್ಬುಟ್ಟವ್ನೆ ನಮ್ಮಣ್ಣ."

ಸುಗ್ಗಿಯ ಫೋಟೋ ಬದುವಿನ ಮೇಲೇ ಕುಕ್ಕರಗಾಲಲ್ಲಿ ಕೂತು ತೆಗೆದದ್ದು. ಅಷ್ಟು ಹತ್ತಿರದಿಂದ ಬದು ಬಂಡಿದಾರಿಯಷ್ಟು ಅಗಲ ಕಾಣುತ್ತದೆ. ಇನ್ನೊಂದು ದೂರದ ನಾಲೆ ಏರಿಯಿಂದ ತೆಗೆದದ್ದು. ಬಿಡಿಸಿ ಬಿಡಿಸಿ ಹೇಳಿದೆ.

"ಕ್ಯಾಮ್ರಾ ಸುಳ್ಳೇಳ್ತದಾ ಸಾ?" ಎಂದ. ಇಷ್ಟು ದಿನ ನನ್ನ ಒಂದು ಮಾತನ್ನೂ ನಂಬದಿದ್ದವನು!

ಮುಂದಿನ ಸಲ ಹೋದಾಗ ತಮ್ಮ ಅಗಲ ಅಳೆಯಲು ಹಗ್ಗ ಹಿಡಿದು ಬದುವಿನ ಮೇಲೆ ನಿಂತಿದ್ದ. ನನ್ನನ್ನು ಕಂಡದ್ದೇ ಅವನ ಮುಖ ಅರಳಿತು.

"ಬನ್ನಿ ಸಾ, ಇವತ್ತು ಬದು ಚೆಂದಾಗ್ ಕಾಣಂಗೆ ತಗೀರಿ."

ಆಚೆ ಅಣ್ಣ ಗುದ್ದಲಿ ಊರಿಕೊಂಡು ನಿಂತಿದ್ದ. ಬೈಯಲಿಲ್ಲ, ಕೂಗಾಡಲಿಲ್ಲ. ನನ್ನ ಕೈಯಲ್ಲಿದ್ದ ಕ್ಯಾಮೆರಾ ನೋಡಿ ಕೇಳಿದ:

"ಸರ್ವೆಯೋರಲ್ಲ ಅಂದಿದ್ರಲ್ಲಾ ಸಾ?"