ಮನೆ ತಪ್ಪಿ ಬಂದ ಹಾವು

ಕಣ್ಣಿನ ಆಸ್ಪತ್ರೆಯಲ್ಲಿ ಕೊಟ್ಟ ಕರಿ ಕನ್ನಡಕ ಈಗ ನನ್ನ ಮೂಗಿನ ಮೇಲೆ ಕುಳಿತಿದೆ. ಹುಬ್ಬಳ್ಳಿಯ ಆ ಡಾಕ್ಟರು ಚಿಕ್ಕ ಹುಡುಗಿ, ಬೆಂಗಳೂರು ಕಡೆಯ ಕನ್ನಡ. "ಎರಡೂ ಕಣ್ಣಿಗೆ ಪೊರೆ ಬಂದಿದೆ ಅಜ್ಜಿ, ತೆಗೆದುಬಿಡೋಣ" ಎಂದಳು. ನಮ್ಮ ಕಡೆ ಇದಕ್ಕೆ ಮೋತಿಬಿಂದು ಎನ್ನುತ್ತೇವೆ. ಪೊರೆ ಎಂದರೆ ನನಗೆ ಹಾವು ಕಳಚುವ ತೊಗಲು ಮಾತ್ರ. ತಲೆ ಹಿಂದಕ್ಕೆ ಮಾಡಿ ಕಣ್ಣಿಗೆ ಔಷಧ ಬಿಡಿಸಿಕೊಳ್ಳುತ್ತಿದ್ದೆ. ಆ ಮಾತು ಕೇಳಿದ್ದೇ ತಡ, ದಾಂಡೇಲಿಯ ಒಂದು ಮನೆ, ಅಲ್ಲಿ ಮಡಿಸಿಟ್ಟ ಕೌದಿಗಳು, ಅವುಗಳ ಮೇಲೆ ಹಾಲು ಬಿದ್ದಂಥ ಎರಡು ಪುಟ್ಟ ಕಣ್ಣು... ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಡಾಕ್ಟರು ಔಷಧ ಉರಿಯುತ್ತಿದೆ ಎಂದುಕೊಂಡಳು. ನಾನೂ ಹೂಂ ಎಂದೆ.

ಅರವತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ದಾಂಡೇಲಿಗೆ ಬಂದವಳು. ಗಂಡನಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ. ಅಂಬೇವಾಡಿಯ ಒಂದು ಚಾಳದಲ್ಲಿ ಮನೆ. ಮನೆಮನೆಯ ನಡುವಿನ ಗೋಡೆ ಹಂಚಿನವರೆಗೆ ಮುಟ್ಟುತ್ತಿರಲಿಲ್ಲ. ಆಚೆಯವರು ಒಗ್ಗರಣೆ ಹಾಕಿದರೆ ಈಚೆಯವರು ಕೆಮ್ಮಬೇಕು. ಗಂಡ ಹೆಂಡಿರ ಜಗಳಕ್ಕೆ ಮಾತ್ರ ಎಲ್ಲರೂ ಕಿವುಡರಾಗುತ್ತಿದ್ದೆವು, ಅದು ಚಾಳದ ಮರ್ಯಾದೆ.

ಗೋಡೆಯಾಚೆ ಇದ್ದವರನ್ನು ನಾನು ವೈನಿ ಎಂದು ಕರೆಯುತ್ತಿದ್ದೆ. ನಮ್ಮಲ್ಲಿ ಅತ್ತಿಗೆಗೆ ಹಾಗೆನ್ನುವುದು. ರಕ್ತಸಂಬಂಧವೇನೂ ಇರಲಿಲ್ಲ. ಅವರು ಮುಂಡಗೋಡ ಹತ್ತಿರದ ಪಾಳಾದವರು, ಗದ್ದೆ ಮನೆತನದ ಮಗಳು. ನಾನು ಧಾರವಾಡ ಸೀಮೆಯ ಜೋಳದ ರೊಟ್ಟಿಯವಳು. "ಅನ್ನಾ ಬಸಿಯಾಕ ಬರೂದಿಲ್ಲ, ಇಂಥಾಕಿನ್ನ ಹೆಂಗ ಕೊಟ್ರವಾ ನಿಮ್ಮ ಮನ್ಯಾಗ" ಎಂದು ನಗುತ್ತಲೇ ಗಂಜಿ ಬಸಿಯುವುದರಿಂದ ಹಿಡಿದು ಮಿಲ್ಲಿನ ಪಾಳಿಗೆ ತಕ್ಕಂತೆ ಬುತ್ತಿ ಕಟ್ಟುವವರೆಗೆ ಎಲ್ಲ ಕಲಿಸಿದರು. ಎತ್ತರದ ಆಳು, ಅಗಲ ಮುಖ, ನಕ್ಕರೆ ಮೂರು ಮನೆಗೆ ಕೇಳಬೇಕು. ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಚಾಳದ ಮಕ್ಕಳ ತಲೆಯ ಹೇನೆಲ್ಲ ತೆಗೆಯುತ್ತಿದ್ದವರು ಅವರೇ. ತೊಟ್ಟಿಲ ಕಾರ್ಯಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಜನ ಕರೆಯುತ್ತಿದ್ದರು, ಆದರೆ ಬರದಿದ್ದರೆ ಚೆಂದ ಎಂಬಂತೆ ಕರೆಯುತ್ತಿದ್ದರು. ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ನನ್ನ ಮೈದುನ ನಮ್ಮ ಜೊತೆಗೇ ಇದ್ದ. ಅವನಿಗೆ ಮಿಲ್ಲಿನಲ್ಲಿ ಬಿದಿರು ಇಳಿಸುವ ಕಡೆ ಕೆಲಸ. ಕುಳಗಿ ಕಾಡಿನಿಂದ ಲಾರಿಗಟ್ಟಲೆ ಬಿದಿರು ಬರುತ್ತಿತ್ತು, ಅದರೊಳಗೆ ಹಾವು, ಚೇಳು. ಉಳಿದವರು ಹೊಡೆದು ಎಸೆಯುತ್ತಿದ್ದರು. ಈ ಪುಣ್ಯಾತ್ಮ ಒಂದು ಕೇರೆ ಹಾವಿನ ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ಬಂದ. ವಿಷವಿಲ್ಲದ ಜಾತಿ, ಇಲಿ ತಿಂದುಕೊಂಡಿರುತ್ತದೆ ಎಂದು ಬಚ್ಚಲ ಮೂಲೆಯಲ್ಲಿ ಮುಚ್ಚಳದ ಬುಟ್ಟಿಯಲ್ಲಿ ಸಾಕಿದ. ಬುಟ್ಟಿ ಅಲ್ಲಿರುವ ತನಕ ನಾನು ಸ್ನಾನವನ್ನೇ ಮಾಡುವುದಿಲ್ಲ ಎಂದು ಹಟ ಹಿಡಿದೆ. ಆಮೇಲೆ ಮೈ ಕಡಿಯತೊಡಗಿತು, ಮಾಡಿದೆ. ಬರಬರುತ್ತ ಅದು ಅವನ ತೋಳಿಗೆ ಸುತ್ತಿಕೊಂಡು ಕೂರುವಷ್ಟು ಸಲಿಗೆಯಾಯಿತು.

ಆ ಬೇಸಿಗೆಯಲ್ಲಿ ವೈನಿಯ ಅತ್ತೆ ಊರಿನಿಂದ ಬಂದರು. ಬಂದ ದಿನವೇ ಗೋಡೆಯ ಮೇಲಿಂದ ವಿಷಯ ನಮಗೂ ತಿಳಿಯಿತು. ಮಗನಿಗೆ ಇನ್ನೊಂದು ಮದುವೆ. "ಕನ್ಯಾ ನೋಡಿ ಬಂದೇನಿ. ನೀ ಹೂಂ ಅಂದ್ರ ನೀನೂ ಇರು, ಆಕಿನೂ ಇರಲಿ. ವಂಶಾ ಬೆಳೀಬೇಕಲ್ಲವಾ" ಎಂದು ಸೊಸೆಗೆ ಹೇಳುತ್ತಿದ್ದರು. ಗದರಿಸಿ ಹೇಳಿದ್ದರೆ ವಾಸಿಯಿತ್ತು, ಮೆತ್ತಗೆ ಹೇಳುತ್ತಿದ್ದರು. ವೈನಿಯ ಗಂಡ ಒಳ್ಳೆಯವರೇ, ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಪೈಕಿ. ತಾಯಿ ಮಾತಾಡುವಾಗ ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು.

ಅದೇ ದಿನಗಳಲ್ಲಿ ನಮ್ಮ ಬುಟ್ಟಿಯ ಮುಚ್ಚಳ ಸರಿದು ಹಾವು ತಪ್ಪಿಸಿಕೊಂಡಿತು. ಮೈದುನ ಕಟ್ಟಿಗೆ ಒಟ್ಟಿಲು, ಚರಂಡಿ, ಹಿತ್ತಲು ಎಲ್ಲ ಹುಡುಕಿದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಅದು ಗೋಡೆ ದಾಟಿ ಆಚೆ ಮನೆಗೆ ಇಳಿದಿತ್ತು.

ಒಂದು ಮಧ್ಯಾಹ್ನ ವೈನಿ ಗೋಡೆಯಾಚೆಯಿಂದ ಮೆಲ್ಲಗೆ ಕರೆದರು. "ತಂಗೀ, ನಿನ್ನ ಮೈದುನನ ಮಗಾ ನಮ್ಮ ಕೌದಿ ಮ್ಯಾಲ ಮಲಗ್ಯಾನ. ಗದ್ದಲಾ ಮಾಡಬ್ಯಾಡ, ಬಾ."

ಹೋದೆ. ಟ್ರಂಕಿನ ಮೇಲೆ ಮಡಿಸಿಟ್ಟ ಕೌದಿಗಳ ನಡುವೆ ಸಿಂಬಿ ಸುತ್ತಿಕೊಂಡು ಕೂತಿತ್ತು. ಮೈ ಮಾಸಿದಂತಿತ್ತು. ಕಣ್ಣು ಎರಡೂ ಬೆಳ್ಳಗೆ. ನಾವಿಬ್ಬರೂ ಅಷ್ಟು ಹತ್ತಿರ ನಿಂತರೂ ಅಲುಗಾಡಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಬಂದ ಅತ್ತೆ ಹಾವು ನೋಡಿ ಮೊದಲು ಹೌಹಾರಿದರು. ಆಮೇಲೆ ನಮ್ಮ ಧೈರ್ಯ ನೋಡಿ ತಾವೂ ಬಗ್ಗಿ ನೋಡಿದರು. ನೋಡುತ್ತ ಅವರ ಮುಖವೇ ಬೇರೆಯಾಯಿತು.

"ಕಣ್ಣು ಹೋಗ್ಯಾವ ಇದಕ್ಕ. ಬಸರಿ ಹೆಣ್ಣಮಗಳ ಎದುರಿಗೆ ಬಂದ್ರ ಹಾವಿಗೆ ಕಣ್ಣು ಕಾಣೂದಿಲ್ಲ" ಎಂದು ಸೊಸೆಯ ಕಡೆ ತಿರುಗಿದರು. "ಯಾಕ ಹೇಳಲಿಲ್ಲ ನೀ? ಎಷ್ಟ ದಿನಾ ಆತು?"

ಇದು ನಮ್ಮ ಕಡೆ ಎಲ್ಲರೂ ನಂಬುವ ಮಾತು. ನಾನೂ ನಂಬಿದ್ದೆ. ವೈನಿ ಹೌದು ಎನ್ನಲಿಲ್ಲ, ಅಲ್ಲ ಎಂದೂ ಎನ್ನಲಿಲ್ಲ. ಸೆರಗು ಎಳೆದುಕೊಂಡು ಹಾವನ್ನೇ ನೋಡುತ್ತ ನಿಂತರು. ಆ ತಿಂಗಳು ಅವರಿಗೆ ನಾಲ್ಕು ದಿನ ತಡವಾಗಿತ್ತು ಎಂಬುದು ನನಗೆ ಆಮೇಲೆ ತಿಳಿದದ್ದು.

ಅತ್ತೆ ಹಾವಿನ ಮುಂದೆ ಹಾಲಿಟ್ಟು, ದೂರದಿಂದಲೇ ಅರಿಷಿಣ ಕುಂಕುಮ ಎರಚಿ, ಸೊಸೆಯ ಬಾಯಿಗೆ ಬೆಲ್ಲ ಹಾಕಿದರು. ಪಾಳಿ ಮುಗಿಸಿ ಬಂದ ಮೈದುನ ಕುಂಕುಮ ಮೆತ್ತಿದ ತನ್ನ ಹಾವನ್ನು ನೋಡಿ ಬೇಸರಪಟ್ಟ. "ಏನ ಮಾಡೀರಿ ಇದಕ್ಕ? ಇದು ಪೊರಿ..." ಎಂದು ಬಾಯಿ ತೆಗೆದ. ವೈನಿ ತಟ್ಟನೆ ಒಂದು ಬೆಲ್ಲದ ಚೂರು ಅವನ ಕೈಗಿಟ್ಟು, "ಮೊದಲ ಬಾಯಿ ಸಿಹಿ ಮಾಡ್ಕೋ" ಎಂದರು. ಅವನು ಅವರ ಮುಖ ನೋಡಿದ, ಬೆಲ್ಲ ತಿಂದ, ಹಾವನ್ನು ಎತ್ತಿಕೊಂಡು ಹೋದ. ಎರಡು ದಿನಕ್ಕೆ ಅದು ಬುಟ್ಟಿಯಲ್ಲಿ ಪೊರೆ ಕಳಚಿತು. ಯಾಕೋ ಅವನು ಆ ಭಾನುವಾರವೇ ಅದನ್ನು ಕುಳಗಿ ಕಡೆ ಒಯ್ದು ಕಾಡಿಗೆ ಬಿಟ್ಟು ಬಂದ.

ಅತ್ತೆ ಹೆಣ್ಣಿನ ಕಡೆಯವರಿಗೆ ಬೇಡವೆಂದು ಹೇಳುತ್ತೇನೆ ಎಂದು ಊರಿಗೆ ಹೊರಟರು. ಆಮೇಲಿನ ದಿನಗಳು... ವೈನಿಯನ್ನು ಅಷ್ಟು ಚೆಂದ ನಾನು ಎಂದೂ ನೋಡಲಿಲ್ಲ. ಯಾರ ಎದುರೂ ತಲೆ ಎತ್ತದ ಅವರ ಗಂಡ ನಳದಿಂದ ಕೊಡ ಹೊತ್ತು ತರತೊಡಗಿದರು. ಚಾಳದ ಹೆಂಗಸರೆಲ್ಲ ಬಾಗಿಲಿಗೆ ನಿಂತು ನೋಡಿ ನಗುತ್ತಿದ್ದರೂ ಬಿಡಲಿಲ್ಲ. ಹಳಿಯಾಳದ ಸಂತೆಯಿಂದ ಹುಣಸೆಹಣ್ಣು ತಂದುಕೊಟ್ಟರು. ವೈನಿ ಅದರಲ್ಲಿ ಅರ್ಧ ನನಗೆ ಕೊಟ್ಟರು. ನಾನು ಚಪ್ಪರಿಸಿ ತಿಂದೆ.

ತಿನ್ನಬೇಕೆನಿಸಿದ್ದು ಯಾಕೆಂದು ಸ್ವಲ್ಪ ದಿನಕ್ಕೆ ಗೊತ್ತಾಯಿತು. ಅವ್ವ ದೂರ ಇದ್ದಳು, ಮೊದಲು ಹೇಳಿದ್ದು ವೈನಿಗೇ. ಅವರು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಕೈ ನಿಂತಿತು. ನನ್ನ ತಲೆ ಸವರಿದರು. ನಂತರ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, "ಹಂಗಾದ್ರ ಆವತ್ತು ನೀನೂ ನನ್ನ ಬಾಜೂಕ ನಿಂತಿದ್ದಿ" ಎಂದರು.

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ಹೊಳೆಯಿತು, ಆವತ್ತು ಆ ಹಾವಿನ ಎದುರು ನಿಂತಿದ್ದ ಬಸುರಿ ನಾನು. ಅವರೇ ಹೇಳಿದರು, ಅಕ್ಕಿಯಲ್ಲಿ ಕಲ್ಲು ಹುಡುಕುತ್ತ.

"ನಾ ಗದ್ಯಾಗ ಬೆಳದಾಕಿ. ಪೊರಿ ಬಿಡೂ ಮುಂದ ಹಾವಿನ ಕಣ್ಣಿಗೂ ಪೊರಿ ಮುಚ್ಚತೈತಿ, ನನಗ ಗೊತ್ತಿಲ್ಲೇನು? ಗೊತ್ತಿತ್ತು. ಆದ್ರ ಅತ್ತಿ ಹಂಗ ಅಂದ ಕೂಡಲೇ ಹೌದೇನೋ ಅನಿಸ್ತು ತಂಗಿ. ಹತ್ತು ದಿನಾ ನಾ ಖರೇನ ಬಸರಿ ಇದ್ದೆ. ಆಮ್ಯಾಲ ಹೊರಗಾದೆ. ಯಾರಿಗೂ ಹೇಳಲಿಲ್ಲ. ಹೇಳಿದ್ರ ಆ ಹುಡುಗಿ ಮನಿಗೆ ಬರ್ತಾಳ."

ಗಂಡನಿಗಾದರೂ ಹೇಳಬಾರದೇ ಎಂದೆ. "ನೀರು ತರೂದು ಬಿಟ್ಟಾರು" ಎಂದು ನಕ್ಕರು. ಆ ನಗು ಪಕ್ಕದ ಮನೆಗೂ ಕೇಳಿಸಲಿಲ್ಲ. ನಾನು ಅಳತೊಡಗಿದೆ. ಅವರು ನನ್ನ ಕಣ್ಣು ಒರೆಸಿ, "ಹಾವು ಸುಳ್ಳ ಹೇಳಲಿಲ್ಲ ನೋಡು. ಮನಿ ತಪ್ಪಿ ಬಂದಿತ್ತು, ಅಷ್ಟ" ಎಂದರು.

ಮಳೆ ಹಿಡಿದ ಮೇಲೆ ಅತ್ತೆ ಮತ್ತೆ ಬಂದರು, ಸೊಸೆಯ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆ, ಹಸಿರು ಸೀರೆ ತೆಗೆದುಕೊಂಡು. ಬಾಗಿಲಲ್ಲಿ ನಾವಿಬ್ಬರೂ ನಿಂತಿದ್ದೆವು. ನನ್ನ ಹೊಟ್ಟೆ ಆಗಲೇ ಕಾಣುತ್ತಿತ್ತು. ಆ ಮುದುಕಿ ನನ್ನ ಹೊಟ್ಟೆ ನೋಡಿದರು, ಸೊಸೆಯ ಹೊಟ್ಟೆ ನೋಡಿದರು, ಯಾರನ್ನೂ ಏನೂ ಕೇಳದೆ ಒಳಗೆ ಹೋಗಿ ಕೂತರು. ನನ್ನ ಹೊಟ್ಟೆಯೇ ಅವರಿಗೆ ಎಲ್ಲ ಹೇಳಿಬಿಟ್ಟಿತ್ತು. ಅದು ನನ್ನ ತಪ್ಪಲ್ಲ ಎಂದು ಗೊತ್ತು. ಆದರೂ ಮೊದಲ ಬಸಿರಿನ ಸಂತೋಷ ನನಗೆ ಅಲ್ಲಿಗೇ ಮುಗಿಯಿತು. ಆ ರಾತ್ರಿ ಗೋಡೆಯಾಚೆ ಬೈಗುಳ, ಅಳು ಯಾವುದೂ ಕೇಳಲಿಲ್ಲ. ಬೆಳಿಗ್ಗೆ ವೈನಿಯೇ ಕೊಡ ಹಿಡಿದು ನಳಕ್ಕೆ ಬಂದರು.

ಶ್ರಾವಣದಲ್ಲಿ ನಾಗರ ಪಂಚಮಿ. ನಮ್ಮಲ್ಲಿ ಅದು ಹೆಣ್ಣುಮಕ್ಕಳ ಹಬ್ಬ. ತವರಿನವರು ಬಂದು ಕರೆದೊಯ್ಯುತ್ತಾರೆ. ನಾಗಪ್ಪನಿಗೆ ಹಾಲೆರೆದು, ಜೋಕಾಲಿ ಆಡಿ, ಉಂಡಿ ತಿಂದು ಕೂತರೆ ಗಂಡನ ಮನೆಯವರು ಕರೆಯಲು ಬರುತ್ತಾರೆ. ಹೆಣ್ಣು ತಾನಾಗಿ ಮರಳುವಂತಿಲ್ಲ, ಬಂದು ಕರೆಯಬೇಕು. ಪಾಳಾದಿಂದ ವೈನಿಯ ಅಣ್ಣ ಬಂದರು. ವೈನಿ ಗಂಡನಿಗೆ ಎಂಟು ದಿನಕ್ಕಾಗುವಷ್ಟು ಅಕ್ಕಿ ಹಸನು ಮಾಡಿ ಡಬ್ಬಿ ತುಂಬಿಸಿ, ಮನೆ ಸಾರಿಸಿ, ನನ್ನ ಬಾಗಿಲಿಗೆ ಬಂದು "ಹಬ್ಬ ಮುಗಿಸಿ ಬರ್ತೇನಿ ತಂಗಿ. ಭಾರ ಎತ್ತಬ್ಯಾಡ" ಎಂದರು. ಗಂಡನೇ ಟ್ರಂಕು ಹೊತ್ತು ಬಸ್ಸಿನ ತನಕ ಹೋದರು.

ಹಬ್ಬ ಮುಗಿಯಿತು. ಚಾಳದ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರೇ ಮರಳಿದರು. ಒಂದು ಸಂಜೆ ವೈನಿಯ ಗಂಡ ಗೋಡೆಯಾಚೆಯಿಂದ, "ಒಂದ ಸೇರು ಅಕ್ಕಿ ಇದ್ರ ಕೊಡ್ರಿ ತಂಗಿ" ಎಂದರು. ನನ್ನ ಗಂಡ, "ಮೊದಲ ವೈನಿಯವರನ್ನ ಕರಕೊಂಡ ಬರ್ರಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. "ನಾಳಿ ಹೋಗಬೇಕ್ರಿ" ಎಂದರು ಅವರು. ಮರುವಾರವೂ ನಾಳಿ ಎಂದರು. ಜಗಳವಿಲ್ಲ, ಪಂಚಾಯ್ತಿಯಿಲ್ಲ, ಬಿಟ್ಟೆವು ಎಂಬ ಮಾತೂ ಇಲ್ಲ. ಕರೆಯಲು ಯಾರೂ ಹೋಗಲಿಲ್ಲ, ಅಷ್ಟೆ. ನಾನು ಹೆರಿಗೆಗೆ ತವರಿಗೆ ಹೋಗಿ ಮಗಳನ್ನೆತ್ತಿಕೊಂಡು ಮರಳುವ ಹೊತ್ತಿಗೆ ಆಚೆ ಮನೆಯಲ್ಲಿ ಹೊಸ ಹೆಣ್ಣಿದ್ದಳು. ಪಾಪ, ಅವಳದೇನು ತಪ್ಪು? ಅನ್ನ ಬಸಿಯುವುದು ಅವಳಿಗೂ ಬರುತ್ತಿರಲಿಲ್ಲ. ನಾನು ಕಲಿಸಿದೆ.

ವೈನಿ ಅಣ್ಣನ ಮನೆಯಲ್ಲೇ ಉಳಿದರು. ಗದ್ದೆ ಕೆಲಸ ಮಾಡಿಕೊಂಡಿದ್ದಾರೆ ಎಂದು ಆ ಕಡೆಯಿಂದ ಬಂದವರು ಹೇಳುತ್ತಿದ್ದರು. ಬಹಳ ವರ್ಷಗಳ ಮೇಲೆ, ತೀರಿಹೋದರು ಎಂದು ಕೂಡ ಹಾಗೆಯೇ ಯಾರೋ ಹೇಳಿದರು...

ಆ ಮಗಳಿಗೆ ಈಗ ಅರವತ್ತು ದಾಟಿದೆ. ಮೊನ್ನೆ ನನ್ನ ಆಪರೇಷನ್ನಿಗೆ ಬಂದವಳು ಪಂಚಮಿ ಮುಗಿಸಿಕೊಂಡೇ ಹೊರಟಳು. "ಅವ್ವಾ, ಬಸ್ಸು ಮನಿ ಬಾಗಿಲಿಗೇ ಬರತೈತಿ, ಒಬ್ಬಾಕಿನ ಹೊಕ್ಕೇನಿ. ಅವರ ಮೊಣಕಾಲು ನೋಯ್ತಾವ, ಸುಮ್ನ ಯಾಕ ಕರಸ್ತಿ" ಎಂದಳು. ನಾನು ಬಿಡಲಿಲ್ಲ. ಫೋನು ಮಾಡಿ ಅಳಿಯನನ್ನು ಕರೆಸಿದೆ. ಮುದುಕಿಗೆ ಹಟ ಹೆಚ್ಚಾಗಿದೆ ಎಂದು ಇಬ್ಬರೂ ನಕ್ಕರು, ನಗಲಿ. ಅಳಿಯ ಬಂದು ಅವಳ ಚೀಲ ಎತ್ತಿಕೊಂಡ ಮೇಲೆ ನಾನು ಒಳಗೆ ಬಂದು ಊಟಕ್ಕೆ ಕೂತೆ. ಪಾಳಾದಲ್ಲಿ ವೈನಿ ಎಷ್ಟು ದಿನ ಬಸ್ಸಿನ ದಾರಿ ನೋಡಿದರೋ, ಹೇಳುವವರು ಈಗ ಯಾರೂ ಉಳಿದಿಲ್ಲ.