ಏರಿಲ್ಲದ ದಾರಿ ಹುಡುಕಿದ್ದು

ಫ್ಯಾಕ್ಟರಿಯಿಂದ ಫೋನ್ ಬಂದಾಗ ನಾನು ಅಡುಗೆಮನೆ ಮೇಜಿನ ಮೇಲೆ ಪೇಪರ್ ಹರಡಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಆಗ ನಾವಿದ್ದದ್ದು ಇಂಗ್ಲೆಂಡಿನ ಡರ್ಬಿಯಲ್ಲಿ. ನಮ್ಮ ಯಜಮಾನರು ಅಲ್ಲಿ ವಿಮಾನದ ಎಂಜಿನ್ ತಯಾರಿಸುವ ಕಡೆ ಎಂಜಿನಿಯರ್. ಫೋನಿನಲ್ಲಿದ್ದ ಹೆಂಗಸು ನನಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ ಅನ್ನುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು. ಇವರಿಗೆ ಎದೆನೋವು ಬಂದಿದೆ, ಆಂಬುಲೆನ್ಸಿನಲ್ಲಿ ಕಳಿಸಿದ್ದೇವೆ, ನೀವು ಆಸ್ಪತ್ರೆಗೆ ಬನ್ನಿ. ಥ್ಯಾಂಕ್ಸ್ ಅಂದೆ. ಫೋನಿಟ್ಟು ಬಂದು, ಉಳಿದಿದ್ದ ಅರ್ಧ ಕಟ್ಟು ಸೊಪ್ಪನ್ನೂ ಬಿಡಿಸಿ, ಕಡ್ಡಿಗಳನ್ನು ಪೇಪರಿನಲ್ಲಿ ಸುತ್ತಿ ಬಿನ್ನಿಗೆ ಹಾಕಿ, ಆಮೇಲೆ ಕೋಟು ಹಾಕಿಕೊಂಡೆ. ಯಾಕೆ ಹಾಗೆ ಮಾಡಿದೆ ಅಂತ ಇವತ್ತಿಗೂ ಗೊತ್ತಿಲ್ಲ.

ದೇವರು ದೊಡ್ಡವನು, ಉಳಿದುಕೊಂಡರು. ಸ್ಟೆಂಟ್ ಹಾಕಿದರು. ಬಿದ್ದಾಗ ಪಕ್ಕದಲ್ಲಿ ಜನ ಇದ್ದರು, ಅದೊಂದು ಪುಣ್ಯ. ಕಾರು ಓಡಿಸುತ್ತಿರಲಿಲ್ಲ, ಅದೊಂದು. ಮಗಳು ಸ್ಕೂಲಿನಲ್ಲಿದ್ದಳು, ಏನನ್ನೂ ನೋಡಲಿಲ್ಲ, ಅದೊಂದು. ಹೀಗೆ ಎಣಿಸುವುದು ನನ್ನ ಅಭ್ಯಾಸ. ಆದರೆ ಆ ದಿನಗಳಲ್ಲಿ ಎಣಿಕೆ ಬಾಯಲ್ಲಿ ಮಾತ್ರ ಇತ್ತು. ಹಲ್ಲು ಕೀಳುವಾಗ ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಇರುತ್ತದಲ್ಲ, ಮೈಯೆಲ್ಲ ಹಾಗಿತ್ತು.

ಮೂರು ತಿಂಗಳಾದ ಮೇಲೆ ಆಸ್ಪತ್ರೆಯ ನರ್ಸ್, ಇನ್ನು ಸೈಕಲ್ ತುಳಿಯಬಹುದು, ಆದರೆ ಮಟ್ಟಸವಾದ ನೆಲದಲ್ಲಿ ಮಾತ್ರ, ಏರು ಈಗಲೇ ಬೇಡ ಅಂದರು. ಇವರು ಸುಮ್ಮನಿರಬಾರದೇ? ‘ಕಾಲೇಜಿನಲ್ಲಿದ್ದಾಗ ಚಾಮುಂಡಿ ಬೆಟ್ಟ ಸೈಕಲ್ಲಿನಲ್ಲೇ ಹತ್ತಿದವನು ನಾನು’ ಅಂದರು. ನರ್ಸ್ ಇವರನ್ನು ಬಿಟ್ಟು ನನ್ನ ಮುಖ ನೋಡಿದರು. ನಾನು ಹೂಂ ಅಂದೆ. ಮಟ್ಟಸ ದಾರಿ ಹುಡುಕುವ ಕೆಲಸ ಅಲ್ಲಿಂದ ನನ್ನ ಪಾಲಿಗೆ ಬಂತು.

ಊರೊಳಗಿನ ಪಾರ್ಕಿಗೆ ಹೋಗೋಣ ಅಂದರೆ ಕೇಳಲಿಲ್ಲ.

‘ಗಾಣದೆತ್ತಿನ ಹಾಗೆ ಅಲ್ಲಿ ಸುತ್ತೋಕೆ ನನ್ನಿಂದಾಗಲ್ಲ ಕಣೆ. ಬೆಟ್ಟ ಕಾಣೋ ಕಡೆ ಆದ್ರೆ ಬರ್ತೀನಿ.’

‘ಬೆಟ್ಟದಲ್ಲಿ ಮಟ್ಟಸ ದಾರಿ ಎಲ್ಲಿಂದ ತರಲಿ ರೀ?’

‘ನೀನೇ ತಾನೆ ನರ್ಸ್ ಹತ್ರ ಹೂಂ ಅಂದಿದ್ದು. ಹುಡುಕು.’

ಪಕ್ಕದ ಮನೆಯಲ್ಲೊಬ್ಬ ಮುದುಕರಿದ್ದರು, ರೈಲಿನಲ್ಲಿ ಗಾರ್ಡ್ ಆಗಿ ರಿಟೈರ್ ಆದವರು. ಬಟ್ಟೆ ಒಣಹಾಕುವಾಗ ಬೇಲಿಯಾಚೆಯಿಂದ ಮಾತಾಡಿಸುತ್ತಿದ್ದರು. ಅವರಿಗೆ ಹೇಳಿಕೊಂಡೆ. ಅದೇನು ಕಷ್ಟ, ರೈಲಿಗೆ ಏರು ಆಗಿಬರುವುದಿಲ್ಲ, ಬೆಟ್ಟವನ್ನು ಬಳಸಿಕೊಂಡೇ ಹೋಗುತ್ತದೆ, ಡರ್ಬಿಶೈರ್ ಬೆಟ್ಟಗಳಲ್ಲಿ ಎಷ್ಟೋ ಲೈನು ಮುಚ್ಚಿ ಕಂಬಿ ಕಿತ್ತು ದಾರಿ ಮಾಡಿದ್ದಾರೆ, ರೈಲು ಹೋದ ಕಡೆ ನಿನ್ನ ಗಂಡನೂ ಹೋಗಬಹುದು ಅಂದರು. ಆ ಮಾತು ನನ್ನ ಮನಸ್ಸಿಗೆ ಸರಿಯಾಗಿ ಕೂತಿತು. ಲೈಬ್ರರಿಗೆ ಹೋಗಿ ಮ್ಯಾಪ್ ಕೇಳಿದೆ. ಹಳೇ ರೈಲುದಾರಿಗಳಲ್ಲಿ ನಮಗೆ ಹತ್ತಿರವಿದ್ದದ್ದು ಕ್ರಾಮ್‌ಫರ್ಡ್ ಕಡೆಯದು. ಕಾರ್ ಪಾರ್ಕ್ ಇತ್ತು, ಟಾಯ್ಲೆಟ್ ಇತ್ತು. ಬರೆದುಕೊಂಡು ಬಂದೆ. ಇದು ಆದೀತೇ ಅಂತ ಮುದುಕರನ್ನು ಇನ್ನೊಂದು ಸಲ ಕೇಳಬೇಕಿತ್ತು. ಅವತ್ತು ಅವರ ಮನೆಗೆ ನೆಂಟರು ಬಂದಿದ್ದರು. ಯಾಕೆ ತೊಂದರೆ ಕೊಡುವುದು ಅಂತ ಸುಮ್ಮನಾದೆ. ತಪ್ಪಾದದ್ದು ಅಲ್ಲಿ.

ಭಾನುವಾರ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೊರಟೆವು. ಕಾರಿನ ಹಿಂದೆ ಎರಡು ಸೈಕಲ್, ಇವರದೊಂದು, ಹತ್ತು ವರ್ಷದ ಮಗಳದೊಂದು. ನನಗೆ ಸೈಕಲ್ ಬರುವುದಿಲ್ಲ. ಕಾಲುವೆ ಪಕ್ಕದಲ್ಲಿ ಸ್ವಲ್ಪ ದೂರ ಎಲ್ಲ ನೆಟ್ಟಗೇ ಇತ್ತು. ಆಮೇಲೆ ಮರಗಳ ಮಧ್ಯೆ ದಾರಿ ಎದ್ದು ನಿಂತುಬಿಟ್ಟಿತ್ತು. ಸುಮ್ಮನೆ ಅನ್ನುತ್ತಿಲ್ಲ, ಗೋಡೆಗೆ ಒರಗಿಸಿದ ಏಣಿಯ ಹಾಗೆ.

‘ಅಮ್ಮ, ಯೂ ಸೆಡ್ ಫ್ಲಾಟ್’ ಅಂದಳು ಮಗಳು.

ಇವರು ಅಲ್ಲಿದ್ದ ಬೋರ್ಡ್ ಓದಿ ನಗಲಿಕ್ಕೆ ಶುರುಮಾಡಿದರು. ಆ ಮೂರು ತಿಂಗಳಲ್ಲಿ ಇವರು ನಕ್ಕಿದ್ದು ಅದೇ ಮೊದಲು.

‘ನಿನ್ನ ರೈಲು ಇಲ್ಲಿ ಹತ್ತುತ್ತಲೇ ಇರಲಿಲ್ಲ ಕಣೆ. ಹಗ್ಗ ಕಟ್ಟಿ ಮೇಲಿಂದ ಎಂಜಿನ್ನಲ್ಲಿ ಎಳೀತಿದ್ರು. ಒಂದು ವ್ಯಾಗನ್ ಇಳಿಯೋದು, ಇನ್ನೊಂದು ಏರೋದು. ಎಂಥಾ ಕೆಲಸ ನೋಡು.’

‘ಸರಿ, ನೋಡಿದ್ದಾಯ್ತು. ವಾಪಸ್ ಹೋಗೋಣ ಬನ್ನಿ.’

‘ತುಳಿಯಲ್ಲ. ತಳ್ಕೊಂಡು ಹೋಗ್ತೀನಿ.’

‘ನರ್ಸ್ ಏನು ಹೇಳಿದ್ದಾರೆ?’

‘ನರ್ಸ್ ಡರ್ಬಿಯಲ್ಲಿದ್ದಾರೆ’ ಅಂದು ಹೊರಟೇಬಿಟ್ಟರು.

ಮಗಳ ಸೈಕಲ್ ಹ್ಯಾಂಡಲ್ ಹಿಡಿದು ನಿಲ್ಲಿಸಿಕೊಂಡೆ. ಇವರ ನೀಲಿ ಜಾಕೆಟ್ ಮೇಲೆ ಮೇಲೆ ಹೋಗುತ್ತಿತ್ತು. ಬೆರಳ ಗೆಣ್ಣಿನ ಮೇಲೆ ರಾಮ ರಾಮ ಅಂತ ಎಣಿಸತೊಡಗಿದೆ. ಹೆದರಿಕೆ ಆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಕಾರಿನ ಕೀ ಇವರ ಜೇಬಿನಲ್ಲಿದೆ, ನನಗೆ ಓಡಿಸಲು ಬರುವುದಿಲ್ಲ, ಫೋನ್ ಬೂತ್ ಎಷ್ಟು ದೂರವಿದೆಯೋ, ಮೊಸರನ್ನ ಬಿಸಿಲಿಗೆ ಹುಳಿಯಾಗುತ್ತದೆ. ಬಂದ ಯೋಚನೆಗಳು ಇಷ್ಟೇ.

‘ಈಸ್ ಅಪ್ಪ ಗೋಯಿಂಗ್ ಟು ಬಿ ಓಕೆ?’

‘ಹೂಂ ಪುಟ್ಟಿ’ ಅಂದೆ. ನನಗೇನು ಗೊತ್ತಿತ್ತು.

ಅರ್ಧದಷ್ಟು ಹತ್ತಿರಬೇಕು, ನೀಲಿ ಜಾಕೆಟ್ ನಿಂತಿತು. ತುಂಬ ಹೊತ್ತು ಅಲ್ಲೇ ಇತ್ತು. ನನ್ನ ಎಣಿಕೆ ತಪ್ಪಿತು. ಆಮೇಲೆ ಸೈಕಲ್ ತಿರುಗಿಸಿ, ಬ್ರೇಕ್ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಳಿದು ಬಂದರು. ಮುಖ ಬಿಳಿಚಿಕೊಂಡಿತ್ತು.

‘ನೋವಾ?’

‘ಇಲ್ಲ.’

‘ಮತ್ತೆ?’

‘ಏನಿಲ್ಲ. ಸಾಕು ಅನ್ನಿಸ್ತು.’

ಹದಿನೈದು ವರ್ಷದ ಸಂಸಾರದಲ್ಲಿ, ಊಟಕ್ಕೆ ಬಡಿಸುವಾಗ ಬಿಟ್ಟರೆ, ಇವರ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ನಾನು ಬೇಡಿಕೊಂಡಿದ್ದೂ ಅದನ್ನೇ. ಕೇಳಿ ಸಮಾಧಾನ ಆಗಬೇಕಿತ್ತು, ಇಲ್ಲವೇ ಸಂಕಟವಾದರೂ ಆಗಬೇಕಿತ್ತು. ಎರಡೂ ಆಗಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟೆ.

ಏರಿನ ತುದಿಯಲ್ಲೂ ಒಂದು ಕಾರ್ ಪಾರ್ಕ್ ಇರುವುದನ್ನು ಮಗಳು ಬೋರ್ಡಿನಲ್ಲಿ ತೋರಿಸಿದಳು. ಕೂತು ಊಟ ಮಾಡಿ, ಸುಧಾರಿಸಿಕೊಂಡು, ಸುತ್ತುದಾರಿಯಲ್ಲಿ ಕಾರಿನಲ್ಲೇ ಹತ್ತಿದೆವು. ಮೇಲೆ ದಾರಿ ನಿಜವಾಗಿ ಹಾಸಿಟ್ಟ ಚಾಪೆಯ ಹಾಗಿತ್ತು. ಎರಡೂ ಕಡೆ ಬೆಟ್ಟ, ಕಲ್ಲಿನ ಬೇಲಿ, ಕುರಿ. ಅಪ್ಪ ಮಗಳು ಅರ್ಧ ಗಂಟೆ ಹೋಗಿ ಬಂದರು. ಮಗಳೇ ಮುಂದಿದ್ದು ನಿಧಾನ ತುಳಿದಳು. ಮಳೆ ಬರಲಿಲ್ಲ. ನೋವು ಬರಲಿಲ್ಲ. ಇವನ್ನೂ ಎಣಿಸಿ ದೇವರಿಗೆ ಒಪ್ಪಿಸಿದೆ.

ಆ ಬೇಸಿಗೆಯಲ್ಲಿ ಮುದುಕರನ್ನು ಕೇಳಿ ಕೇಳಿ ಇನ್ನೂ ಮೂರು ನಾಲ್ಕು ದಾರಿ ಕಂಡುಕೊಂಡೆ. ರೈಲು ಹೋಗಿತ್ತೇ ಅನ್ನುವುದರ ಜೊತೆಗೆ ಹಗ್ಗ ಕಟ್ಟಿದ್ದರೇ ಅಂತಲೂ ಕೇಳುತ್ತಿದ್ದೆ. ಟಿಸಿಂಗ್ಟನ್ ಕಡೆಯದು ಇವರಿಗೆ ಒಗ್ಗಿತು. ಪ್ರತಿ ಭಾನುವಾರ ಅಲ್ಲಿಗೇ.

ಅಕ್ಟೋಬರಿನಲ್ಲಿ ಡಾಕ್ಟರು ಪರೀಕ್ಷೆ ಮಾಡಿ, ಹೃದಯ ಚೆನ್ನಾಗಿ ಚೇತರಿಸಿಕೊಂಡಿದೆ, ಇನ್ನು ಏರೂ ಹತ್ತಬಹುದು ಅಂದರು. ನಾನು ಕೂತಲ್ಲೇ ಕೈ ಮುಗಿದೆ. ಇವರು ತಲೆಯಾಡಿಸಿದರು, ಅಷ್ಟೇ. ಹೊರಗೆ ಬಂದು ಕಾರಿನಲ್ಲಿ ಕೂತರೂ ಸ್ಟಾರ್ಟ್ ಮಾಡಲಿಲ್ಲ.

‘ಈ ಭಾನುವಾರಾನೂ ಟಿಸಿಂಗ್ಟನ್ನಿಗೇ ಹೋಗೋಣ.’

‘ಹತ್ತಬಹುದು ಅಂದ್ರಲ್ಲ ರೀ.’

‘ಅಂದ್ರು. ಆ ಮಟ್ಟಸದ್ದೇ ಇರಲಿ ಬಿಡು.’

ನಾನು ಹೂಂ ಅಂದೆ. ಮನೆಗೆ ಬರುವಷ್ಟರಲ್ಲಿ ಹನಿ ಶುರುವಾಗಿತ್ತು. ಹಿತ್ತಲ ಹಗ್ಗದ ಮೇಲೆ ಬೆಡ್‌ಶೀಟುಗಳು ಅರೆಬರೆ ಒಣಗಿದ್ದವು. ತಂದು ಒಂದೊಂದಾಗಿ ಕೋಣೆ ಕಾಯಿಸುವ ರೇಡಿಯೇಟರ್ ಮೇಲೆ ಹರವಿದೆ.