ಫೋನಿಗೆ ಓದಲು ಬಾರದ ನನ್ನ ನೋಟ್ಸು

ತರಬೇತಿಯ ಆದೇಶ ಬಂದರೆ ಮೂಗು ಮುರಿಯುವವರಲ್ಲಿ ನಾನೇ ಮೊದಲಿಗ. ಬೆಳಗ್ಗೆ ಸಹಿ, ಉಪ್ಪಿಟ್ಟು, ಹಾಡಿದ್ದೇ ಹಾಡೋ ಕಿಸಬಾಯಿದಾಸ ಎನ್ನುವಂಥ ಭಾಷಣ, ಸಂಜೆ ಮತ್ತೆ ಸಹಿ. ಎಲ್ಲ ಮಕ್ಕಳಿಗೂ ತಲುಪುವ ಹಾಗೆ ಫೋನಿನಲ್ಲಿ ಪಾಠ ಕಳಿಸುವುದು ಹೇಗೆಂದು ಮೂರು ದಿನ ಮಂಡ್ಯದಲ್ಲಿ ಕಲಿಸುತ್ತಾರೆ ಎಂದಾಗ ಸಿಟ್ಟೇ ಬಂತು. ಮಳವಳ್ಳಿ ಕಡೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ನಾನು ಟೈಪಿಂಗ್ ಪರೀಕ್ಷೆ ಪಾಸು ಮಾಡಿದವನು. ಸುತ್ತಲಿನ ಶಾಲೆಗಳ ಪ್ರಶ್ನೆಪತ್ರಿಕೆಯೆಲ್ಲ ನನ್ನ ಬೆರಳಿನಿಂದಲೇ ಬರಬೇಕು. ಹತ್ತನೇ ತರಗತಿಯ ನೋಟ್ಸನ್ನೆಲ್ಲ ಟೈಪು ಮಾಡಿ, ಪಿಡಿಎಫ್ ಆಗಿಸಿ ಮಕ್ಕಳ ಫೋನಿಗೆ ಕಳಿಸುತ್ತಿದ್ದೆ. ನನಗೆ ಇನ್ನೇನು ಕಲಿಸುತ್ತಾರೆ?

ನನ್ನ ತರಗತಿಯಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಳು. ಅವಳ ಫೋನು ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವಂಥದ್ದು. ನೋಟ್ಸು ಟೈಪು ಮಾಡಲು ಕೂತದ್ದೇ ಅವಳಿಗಾಗಿ. "ಬಂತೇನಮ್ಮ?" ಎಂದರೆ "ಬಂತು ಸಾರ್" ಎನ್ನುತ್ತಿದ್ದಳು. ಕಿರುಪರೀಕ್ಷೆಗಳಲ್ಲಿ ಒಳ್ಳೆಯ ಅಂಕವನ್ನೂ ತೆಗೆಯುತ್ತಿದ್ದಳು. ಅದರಲ್ಲಿ ಅರ್ಧ ನನ್ನ ಪಾಲೆಂದು ಒಳಗೊಳಗೇ ಬೀಗುತ್ತಿದ್ದೆ.

ಮಂಡ್ಯದಲ್ಲಿ ಕಲಿಸಲು ಬಂದವರು ಮದ್ದೂರಿನ ಹೈಸ್ಕೂಲಿನ ಒಬ್ಬ ಮೇಡಂ. ಅವರಿಗೂ ಕಣ್ಣು ಕಾಣದು. ಒಬ್ಬರೇ ರೈಲಿನಲ್ಲಿ ಬಂದು, ಕೋಲು ತಟ್ಟುತ್ತ ಮಹಡಿ ಹತ್ತಿ, ನಮಗಿಂತ ಮೊದಲೇ ಕೂತಿದ್ದರು. ಭಾಷಣದ ಗೋಜಿಗೇ ಹೋಗಲಿಲ್ಲ. "ಮಕ್ಕಳಿಗೆ ಕಳಿಸಿರೋ ಒಂದು ಪಾಠ ನಂಗೂ ಕಳಿಸಿ. ನನ್ನ ಫೋನು ಓದಲಿ, ಎಲ್ಲರೂ ಕೇಳೋಣ" ಎಂದರು. ನಾನೇ ಮುಂದಾಗಿ ಕಳಿಸಿದೆ.

ಫೋನು ಬಾಯಿ ಬಿಟ್ಟಿತು. "ಪಿ, ಎ, ಡಾಲರ್, ಯು, ಸ್ಟಾರ್..." ಕನ್ನಡದ ಒಂದು ಪದವೂ ಇಲ್ಲ. ಪಕ್ಕದಲ್ಲಿದ್ದ ಗೆಳೆಯ "ಇದೇನ್ಲಾ, ನಿನ್ ಪಾಠುಕ್ಕೆ ದೆವ್ವ ಮೆಟ್ಕಂಡದೆ!" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಡಂ ಮಾತ್ರ ನಗಲಿಲ್ಲ.

"ಸಾರ್, ಇದು ಹಳೇ ಫಾಂಟು. ಒಳಗಿರೋದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ. ಕಣ್ಣಿರೋರಿಗೆ ವೇಷ ಕಾಣ್ತದೆ, ಫೋನು ಒಳಗಿರೋದನ್ನೇ ಓದ್ತದೆ. ನಿಮ್ಮ ತರಗತೀಲಿ ನನ್ನಂಥ ಮಕ್ಕಳಿದಾರಾ?"

"ಒಬ್ಬಳಿದ್ದಾಳೆ ಮೇಡಂ" ಎಂದೆ. ಐದು ತಿಂಗಳಿಂದ ಅವಳಿಗೆ ಈ ಡಾಲರು ಸ್ಟಾರುಗಳನ್ನೇ ಕಳಿಸಿದ್ದೆ. ದೊಡ್ಡ ಪರೀಕ್ಷೆಗೆ ಉಳಿದದ್ದು ಎರಡೇ ತಿಂಗಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮೇಡಂ ಮೂರು ದಿನವೂ ನನ್ನನ್ನು ಬಿಡಲಿಲ್ಲ. ಹಳೆಯ ಅಕ್ಷರವನ್ನು ಫೋನಿಗೂ ತಿಳಿಯುವ ಯುನಿಕೋಡಿಗೆ ಬದಲಿಸಲು ಕಲಿಸಿದರು. ಬದಲಾಗುವಾಗ ಮುರಿದುಹೋದ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಿಸಿದರು. ಚಿತ್ರವಿದ್ದರೆ ಅದರಲ್ಲೇನಿದೆ ಎಂದು ಬರೆಯಬೇಕಿತ್ತು. ನಾನು "ಭಾರತದ ನದಿಗಳ ನಕ್ಷೆ" ಎಂದು ಬರೆದು ಕೈತೊಳೆದುಕೊಂಡೆ. "ಊಟ ಸಿಗ್ತದೆ ಅಂತ ಬೋರ್ಡು ಓದಿದ್ರೆ ಹೊಟ್ಟೆ ತುಂಬ್ತದಾ ಸಾರ್? ಯಾವ ನದಿ ಎಲ್ಲಿ ಹುಟ್ಟಿ ಎತ್ತ ಹರೀತದೆ ಬರೀರಿ" ಎಂದು ಮತ್ತೆ ಕೂರಿಸಿದರು. ಎಷ್ಟು ಸಲ ತಪ್ಪಿದರೂ ಅವರಿಗೆ ಬೇಸರವಿಲ್ಲ, ರಿಯಾಯಿತಿಯೂ ಇಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಮನಸಾರೆ ಗುರುಗಳು ಎಂದದ್ದು ಅವರೊಬ್ಬರನ್ನೇ.

ಭಾನುವಾರ ಬಸ್ಸು ಹಿಡಿದು ಹುಡುಗಿಯ ಊರಿಗೆ ಹೋದೆ. ಕೂಲಿಗೆ ಹೋಗುವ ಅವಳ ತಾಯಿ ಅಂದು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ನೋಟ್ಸು ನಿನ್ನ ಫೋನು ಓದ್ತಿರಲಿಲ್ಲ ಅಂತ ಯಾಕಮ್ಮ ಹೇಳಲಿಲ್ಲ?"

ಹುಡುಗಿ ತಲೆ ತಗ್ಗಿಸಿದಳು. "ನಂಗೋಸ್ಕರ ಅಷ್ಟೊಂದ್ ಕಷ್ಟ ಬೀಳ್ತಿದ್ರಲ್ಲ ಸಾರ್. ನೊಂದ್ಕತೀರಿ ಅಂತ ಸುಮ್ಕಿದ್ದೆ. ಅವ್ವ ಓದ್ ಏಳ್ತಿತ್ತು."

ಅವ್ವ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಗದ್ದೆಯಿಂದ ಬಂದು, ಒಲೆಯ ಮೇಲೆ ಎಸರಿಟ್ಟು, ದಿನಾ ಸಂಜೆ ನನ್ನ ನೋಟ್ಸನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ್ದರು. ಆ ಅಂಕಗಳು ಯಾರ ಪಾಲಿನವೆಂದು ಈಗ ತಿಳಿಯಿತು. ಕೈಮುಗಿಯಬೇಕೆನಿಸಿತು, ಮುಗಿದೂಬಿಟ್ಟೆ. "ಅಯ್ ಬುಡಿ ಸಾ, ನಂಗ್ಯಾಕ್ ಕೈ ಮುಗೀತೀರಿ" ಎಂದು ಆಕೆ ಗಾಬರಿಯಿಂದ ಎದ್ದು ನಿಂತರು.

ಹೊಸದಾಗಿ ತಿದ್ದಿದ, ಬ್ರಿಟಿಷರ ಆಳ್ವಿಕೆಯ ಪಾಠ ಕಳಿಸಿದೆ. ಹುಡುಗಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಅವಳ ಬೆರಳು ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹೋಯಿತು, ಹಿಂದಕ್ಕೆ ಬಂತು, ಬೇಕಾದ ಕಡೆ ನಿಂತಿತು. "ಸಾರ್, ನಾನೇ ಓದ್ತಾ ಇವ್ನಿ" ಎಂದಳು.

"ಅಂಗಾರೆ ಇನ್ನ ನಾನ್ ಓದಂಗಿಲ್ಲ" ಎಂದರು ತಾಯಿ.

"ಇಲ್ಲಮ್ಮ, ಇನ್ನು ನಿಮಗೂ ಬಿಡುವು" ಎಂದೆ, ಸಂತೋಷದ ಸುದ್ದಿ ಹೇಳುವವನ ಹಾಗೆ.

ಆಕೆ ಮೊರವನ್ನು ಪಕ್ಕಕ್ಕೆ ಸರಿಸಿ ಮಗಳ ಬಳಿ ಬಂದು ಕೂತರು. "ಕಿವೀಗ್ ಮಡೀಕಬ್ಯಾಡ ಕಣವ್ವ, ವಸಿ ಜೋರಾಗ್ ಮಡಗು. ನೆನ್ನೆ ನಾನ್ ಓದಿದ್ದು ಅರ್ಧುಕ್ಕೆ ನಿಂತೋಗಿತ್ತು. ಆ ಇಂಗ್ಲೀಸ್ನೋರು ಆಮೇಕೆ ಏನ್ ಮಾಡುದ್ರು ಅಂತ ನಂಗೂ ಗೊತ್ತಾಗ್ಲಿ."